ಗೋಡೆ ಬಿಟ್ಟು ಫೋಟೋ ಅಳೆದವನು

ಡ್ರೋನ್ ಹಾರಿಸಿ ಫೋಟೋ ತೆಗೆದರೆ ಚಾರ್ಮಾಡಿ ಘಾಟಿಯಲ್ಲಿ ಬಂಡೆ ಯಾವಾಗ ಉರುಳುತ್ತದೆಂದು ತಿಳಿಯುತ್ತದೆಯೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಯಾವಾಗ ಎಂಬುದು ತಿಳಿಯದು. ಯಾವುದು ಉರುಳಬಹುದು ಎಂಬುದು ತಕ್ಕಮಟ್ಟಿಗೆ ತಿಳಿದೀತು.

ಈ ವಿದ್ಯೆಯ ಬೇರು ಬೆಟ್ಟದಲ್ಲಿಲ್ಲ, ಜರ್ಮನಿಯ ಚರ್ಚೊಂದರಲ್ಲಿದೆ. 1858ರಲ್ಲಿ ಆಲ್ಬ್ರೆಕ್ಟ್ ಮೈಡೆನ್‌ಬವರ್ ಎಂಬ ತರುಣ ವಾಸ್ತುಶಿಲ್ಪಿ ವೆಟ್ಸ್‌ಲಾರ್ ಊರಿನ ದೊಡ್ಡ ಚರ್ಚನ್ನು ಅಳೆಯಲು ಮೇಲೆ ಹತ್ತಿದ್ದ. ಇನ್ನೇನು ಬಿದ್ದೇಬಿಟ್ಟ ಎನ್ನುವಾಗ ಹೇಗೋ ಬಚಾವಾದ. ಗೋಡೆಯನ್ನು ಬಿಟ್ಟು ಅದರ ಫೋಟೋವನ್ನೇ ಅಳೆದರಾಗದೇ ಎಂಬ ಯೋಚನೆ ಅವನಿಗೆ ಹೊಳೆದದ್ದು ಆಗ. 'ಫೋಟೋಗ್ರಾಮೆಟ್ರಿ' ಎಂಬ ಹೆಸರನ್ನು 1867ರಲ್ಲಿ ಅಚ್ಚಿಗೆ ತಂದವನೂ ಅವನೇ. ಅತ್ತ ಫ್ರಾನ್ಸಿನ ಸೇನಾಧಿಕಾರಿ ಎಮೆ ಲೋಸೆದಾ ಕೂಡ ಫೋಟೋದಿಂದ ನಕಾಶೆ ಬರೆಯುತ್ತಿದ್ದ. ಪಿತಾಮಹ ಯಾರೆಂಬ ಜಗಳ ನಮಗೆ ಬೇಡ.

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳು ಒಂದು ತಾರೀಖಿನಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಬೆರಳು ಹತ್ತಿರವಿದ್ದಷ್ಟೂ ನೆಗೆತ ದೊಡ್ಡದು. ಬಂಡೆಯನ್ನು ಹತ್ತಾರು ಕಡೆಯಿಂದ ಸೆರೆಹಿಡಿದ ಫೋಟೋಗಳಲ್ಲಿ ಕಂಪ್ಯೂಟರ್ ಇಂಥ ಲಕ್ಷಾಂತರ ನೆಗೆತಗಳನ್ನು ಅಳೆದು ಬಂಡೆಯ ಮೈಯನ್ನು ಉಬ್ಬುತಗ್ಗು ಸಮೇತ ಕಟ್ಟಿಕೊಡುತ್ತದೆ. ಆದರೆ ಅದಕ್ಕೆ ಆಕಾರ ಗೊತ್ತು, ಗಾತ್ರ ಗೊತ್ತಿಲ್ಲ. ಉದ್ದ ಗೊತ್ತಿರುವ ಕೋಲೊಂದು ಚಿತ್ರದೊಳಗಿರಬೇಕು, ಇಲ್ಲವೇ ಕ್ಯಾಮೆರಾ ನಿಂತ ಜಾಗಗಳ ನಿಖರ ಲೆಕ್ಕ ಇರಬೇಕು.

ಇಂಜಿನಿಯರಿಗೆ ಬೇಕಾದದ್ದು ಸೀಳುಗಳು ಎತ್ತ, ಎಷ್ಟು ವಾಲಿವೆ ಎಂಬುದು. ಎರಡು ಸೀಳು ಕೂಡುವ ಗೆರೆ ರಸ್ತೆಯತ್ತ ಇಳಿದಿದ್ದರೆ ನಡುವಿನ ಕಲ್ಲು ಕಲ್ಲಂಗಡಿಯ ಹೋಳಿನಂತೆ ಜಾರಿ ಬಂದೀತು. ಮೊದಲು ದಿಕ್ಸೂಚಿ ಹಿಡಿದು ಹಗ್ಗದಲ್ಲಿ ಜೋತಾಡುತ್ತ ಒಂದೊಂದೇ ಸೀಳನ್ನು ಅಳೆಯಬೇಕಿತ್ತು. ಈಗ ಪರದೆಯ ಮೇಲೆ ಸೀಳಿನ ಮೈಯಲ್ಲಿ ಮೂರು ಚುಕ್ಕೆ ಇಟ್ಟರೆ ಸಾಕು; ಮೂರು ಕಾಲಿನ ಸ್ಟೂಲು ಅಲುಗಾಡುವುದಿಲ್ಲವಲ್ಲ, ಅದೇ ಲೆಕ್ಕ.

ಇಷ್ಟಕ್ಕೇ 'ಕೃತಕ ಬುದ್ಧಿಮತ್ತೆ ಭೂಕುಸಿತದ ಭವಿಷ್ಯ ಹೇಳಲಿದೆ' ಎಂದು ಕುಣಿಯುವವರನ್ನು ನಾನು ನಂಬುವುದಿಲ್ಲ. ಬರೀ ಗೆರೆಯಾಗಿ ಕಾಣುವ ಸೀಳು ಒಳಗೆ ಎತ್ತ ವಾಲಿದೆಯೆಂದು ಫೋಟೋ ಹೇಳಲಾರದು. ನಮ್ಮ ಘಟ್ಟಗಳಲ್ಲಂತೂ ಬಂಡೆಯ ಮೇಲೆ ಪಾಚಿ, ಪೊದೆ, ಮಣ್ಣು. ಮಳೆಗಾಲದಲ್ಲಿ ಸೀಳಿನೊಳಗೆ ತುಂಬಿಕೊಂಡು ಕಲ್ಲನ್ನು ಹೊರದಬ್ಬುವ ನೀರು ಯಾವ ಕ್ಯಾಮೆರಾಕ್ಕೂ ಕಾಣದು.

ಆದರೂ ಪ್ರಶ್ನೆ ಕೇಳಿದವರು ಮಳೆಗೆ ಮುಂಚೆ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಅದೇ ಬಂಡೆಯ ಫೋಟೋ ತೆಗೆದಿಡಲಿ; ಎರಡನ್ನೂ ಹೋಲಿಸಿದರೆ ಕಳಚಿಬಿದ್ದ ಜಾಗ ಗೊತ್ತಾಗುತ್ತದೆ. ನಿಲ್ಲುವುದು ಮಾತ್ರ ಬಂಡೆಯ ಬುಡದಲ್ಲಿ ಬೇಡ.