ಗಾಯಗಳ ಲೆಕ್ಕ, ಗಂಟೆಗಳ ಲೆಕ್ಕ

ಒಂದು ಕಾರ್ಖಾನೆಯಲ್ಲಿ ವರ್ಷಕ್ಕೆ ಆರು ಮಂದಿ ಗಾಯಗೊಂಡರೆಂಬ ಮಾತು ಅಷ್ಟರಿಂದಲೇ ಏನನ್ನೂ ಹೇಳುವುದಿಲ್ಲ. ಅಲ್ಲಿ ಎಷ್ಟು ಜನ ಎಷ್ಟು ಹೊತ್ತು ದುಡಿದರೆಂಬುದು ಗೊತ್ತಾದ ಮೇಲೆಯೇ ಆ ಆರು ಹೆಚ್ಚೋ ಕಡಿಮೆಯೋ ಎಂದು ತೂಗಿ ನೋಡಲು ಬರುತ್ತದೆ. ಗಾಯ ಮತ್ತು ಕಾಯಿಲೆಗಳ ಸಂಖ್ಯೆಯನ್ನು ಹೀಗೆ ದುಡಿಮೆಯ ಗಂಟೆಗಳೊಡನೆ ಹೊಂದಿಸಿ ತೆಗೆಯುವ ಪ್ರಮಾಣಕ್ಕೆ ಗಾಯದ ದರ ಎನ್ನುತ್ತಾರೆ.

ಅಮೆರಿಕದಲ್ಲಿ 1970ರ ಕಾಯ್ದೆಯ ಮೂಲಕ ಹುಟ್ಟಿದ, ಓಷಾ ಎಂದು ಚುಟುಕಾಗಿ ಕರೆಯಲ್ಪಡುವ ಔದ್ಯೋಗಿಕ ಸುರಕ್ಷತಾ ಇಲಾಖೆಯ ಸೂತ್ರದಲ್ಲಿ, ದಾಖಲಾದ ಪ್ರಕರಣಗಳನ್ನು 2,00,000ದಿಂದ ಗುಣಿಸಿ, ಎಲ್ಲ ನೌಕರರೂ ದುಡಿದ ಒಟ್ಟು ಗಂಟೆಗಳಿಂದ ಭಾಗಿಸಲಾಗುತ್ತದೆ. ನೂರು ಮಂದಿ ವಾರಕ್ಕೆ 40 ಗಂಟೆಯಂತೆ 50 ವಾರ ದುಡಿದರೆ ಆಗುವ ಮೊತ್ತವೇ ಈ ಎರಡು ಲಕ್ಷ; ಆದ್ದರಿಂದ ಬಂದ ಉತ್ತರವನ್ನು ನೂರು ಪೂರ್ಣಾವಧಿ ನೌಕರರಿಗೆ ಇಷ್ಟು ಎಂದು ಓದಬೇಕು. ಒಟ್ಟು 2,40,000 ಗಂಟೆ ದುಡಿದ ಕಾರ್ಖಾನೆಯಲ್ಲಿ ಆರು ಪ್ರಕರಣಗಳಾಗಿದ್ದರೆ ದರ 5. ಭಾರತದ ಐಎಸ್ 3786 ಮಾನಕವಾದರೋ ಹತ್ತು ಲಕ್ಷ ಗಂಟೆಗಳನ್ನು ಆಧಾರವಾಗಿಟ್ಟು ಆವರ್ತನ ದರವನ್ನು ಕಟ್ಟುವುದರಿಂದ, ಅದೇ ಆರು ಪ್ರಕರಣಗಳು ಇಲ್ಲಿ 25 ಆಗುತ್ತವೆ. ಅಪಾಯವೇನೂ ಐದು ಪಟ್ಟು ಹೆಚ್ಚಿಲ್ಲ, ಗುಣಕ ಬದಲಾಗಿದೆ, ಅಷ್ಟೆ.

ಛೇದದಲ್ಲಿ ಬರಬೇಕಾದದ್ದು ನಿಜವಾಗಿ ದುಡಿದ ಗಂಟೆಗಳು ಮಾತ್ರ. ಸಂಬಳವಿರುವ ರಜೆಯನ್ನು ಬಿಡಬೇಕು, ಓವರ್‌ಟೈಮನ್ನು ಸೇರಿಸಬೇಕು. ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಕೊಡುವ ಕಡೆ ಸಂಬಳದ ಪಟ್ಟಿ ನೋಡಿ ಗಂಟೆ ಲೆಕ್ಕ ಹಾಕಿದರೆ ಒಂದು ಗಂಟೆ ಎರಡಾಗಿ, ಯಾರ ಕೈಗೂ ಒಂದು ಗಾಯ ಕಡಿಮೆಯಾಗದೆಯೇ ದರ ಇಳಿದುಬಿಡುತ್ತದೆ.

ಅಂಶದ ಕಥೆ ಇನ್ನೂ ಸೂಕ್ಷ್ಮವಾದುದು. ಓಷಾ ನಿಯಮದಂತೆ ಬೆರಳು ಕುಯ್ದುಕೊಂಡವನಿಗೆ ಗಾಯ ತೊಳೆದು, ಪಟ್ಟಿ ಕಟ್ಟಿ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರೂ ಅದು ಪ್ರಥಮ ಚಿಕಿತ್ಸೆಯೇ ಆಗಿ ದರದ ಲೆಕ್ಕಕ್ಕೆ ಬರುವುದಿಲ್ಲ. ಅದೇ ಗಾಯಕ್ಕೆ ಒಂದು ಹೊಲಿಗೆ ಬಿದ್ದರೆ ಅದು ದಾಖಲಾಗಬೇಕಾದ ಪ್ರಕರಣ. ಭಾರತದ 1948ರ ಕಾರ್ಖಾನೆ ಕಾಯ್ದೆಯ 88ನೇ ಕಲಮಿನಲ್ಲಿ ಇಂಥದೇ ಗಡಿಯನ್ನು 48 ಗಂಟೆಗಳಿಗೆ ಹಾಕಲಾಗಿತ್ತು: ಅಷ್ಟು ಹೊತ್ತು ಕೆಲಸ ಮಾಡಲಾಗದಂತೆ ಪೆಟ್ಟಾದರೆ ಅಪಘಾತವನ್ನು ಅಧಿಕಾರಿಗಳಿಗೆ ತಿಳಿಸಬೇಕಿತ್ತು. ಗಡಿಯಿದ್ದಲ್ಲಿ ಅದರ ಈಚೆಗೇ ಉಳಿಯುವ ಆಸೆಯೂ ಇರುತ್ತದೆ. ಕೈಗೆ ಪಟ್ಟಿ ಕಟ್ಟಿಸಿಕೊಂಡವನನ್ನು ಮರುದಿನವೇ ಕರೆಸಿ ಸ್ಟೋರಿನಲ್ಲಿ ಕೂರಿಸಿದರೆ ಕಳೆದುಹೋದ ದಿನಗಳ ಲೆಕ್ಕ ಸೊನ್ನೆ. ಆದರೆ ಅಮೆರಿಕದಲ್ಲಿ ಗೈರುಹಾಜರಿಯ ಜೊತೆಗೆ, ಎಂದಿನ ಕೆಲಸ ಮಾಡಲಾಗದೆ ಹಗುರ ಕೆಲಸಕ್ಕೆ ಹಾಕಿದ ಪ್ರಕರಣಗಳನ್ನೂ ಎಣಿಸುವ ಬೇರೊಂದು ದರವಿದೆ.

ಗಾಯಗಳು ಎಷ್ಟು ಎಂಬುದರ ಜೊತೆಗೆ ಎಷ್ಟು ಘೋರ ಎಂಬುದನ್ನೂ ಅಳೆಯಲು ಐಎಸ್ 3786 ತೀವ್ರತೆಯ ದರವೊಂದನ್ನು ಕೊಡುತ್ತದೆ. ಅದರಲ್ಲಿ ಒಂದು ಸಾವನ್ನು 6,000 ಮಾನವ ದಿನಗಳ ನಷ್ಟವೆಂದು ಹಿಡಿಯುತ್ತಾರೆ.

ದರವನ್ನು ಓದುವಾಗ ಕಾರ್ಖಾನೆಯ ಗಾತ್ರವನ್ನು ಮರೆಯುವಂತಿಲ್ಲ. ಇಪ್ಪತ್ತು ಜನರ ವರ್ಕ್‌ಶಾಪಿನಲ್ಲಿ ವರ್ಷಕ್ಕೆ 40,000 ಗಂಟೆ ದುಡಿಮೆಯಾದರೆ ಓಷಾ ಸೂತ್ರದಂತೆ ಒಂದು ಗಾಯಕ್ಕೆ ದರ 5, ಎರಡಕ್ಕೆ 10, ಒಂದೂ ಇಲ್ಲದಿದ್ದರೆ ಸೊನ್ನೆ. ಅಂಥಲ್ಲಿ ಒಂದೇ ವರ್ಷದ ಅಂಕಿ ಹಿಡಿದು ಬೆನ್ನು ತಟ್ಟುವುದೂ ಬೈಯುವುದೂ ಅರ್ಥವಿಲ್ಲದ ಕೆಲಸ, ಹಲವು ವರ್ಷಗಳನ್ನು ಒಟ್ಟುಗೂಡಿಸಿಯೇ ನೋಡಬೇಕು.

ಕಾಯಿಲೆಯ ವಿಷಯದಲ್ಲಿ ಈ ಲೆಕ್ಕವೇ ಸೋಲುತ್ತದೆ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್, ಅಂದರೆ ಕಲ್ಲಿನ ಸಣ್ಣ ದೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಡುಸಾಗಿಸುವ ರೋಗ, ಸಾಮಾನ್ಯವಾಗಿ ಹತ್ತಾರು ವರ್ಷ ದೂಳು ಕುಡಿದ ಮೇಲೆ ತಲೆದೋರುತ್ತದೆ. ಅಷ್ಟರಲ್ಲಿ ರೋಗಿ ನಿವೃತ್ತನಾಗಿರಬಹುದು, ಗಣಿಯೇ ಮುಚ್ಚಿರಬಹುದು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಆ ಮೇಲೆ ಬಯಲಾದ ರೋಗವನ್ನು ಯಾವ ವರ್ಷದ ಗಂಟೆಗಳಿಂದ ಭಾಗಿಸುವುದು?

ದರದ ಮತ್ತೊಂದು ಮಿತಿಯನ್ನು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿದ್ದ ಬಿಪಿ ಕಂಪನಿಯ ತೈಲ ಶುದ್ಧೀಕರಣಾಗಾರ ತೋರಿಸಿಕೊಟ್ಟಿತು. 2004ರಲ್ಲಿ ಅಲ್ಲಿನ ಗಾಯದ ದರ ಅದರ ಇತಿಹಾಸದಲ್ಲೇ ಅತಿ ಕಡಿಮೆಯಿತ್ತು; 2005ರ ಮಾರ್ಚ್ 23ರಂದು ಸ್ಫೋಟ ಸಂಭವಿಸಿ 15 ಮಂದಿ ಸತ್ತರು, ಅಷ್ಟೂ ಜನ ಗುತ್ತಿಗೆ ಕಾರ್ಮಿಕರು. ಜಾರಿ ಬೀಳುವುದು, ಕೈ ಸಿಕ್ಕಿಕೊಳ್ಳುವುದು ಮೊದಲಾದವನ್ನು ಎಣಿಸುವ ದರಕ್ಕೆ, ಮಿತಿ ಮೀರಿ ತುಂಬುತ್ತಿದ್ದ ಗೋಪುರದಲ್ಲಿ ದ್ರವದ ಮಟ್ಟ ಇಳಿಯುತ್ತಿದೆಯೆಂದು ತೋರಿಸುತ್ತಿದ್ದ ಉಪಕರಣ ಕಾಣಿಸುವಂತಿರಲಿಲ್ಲ. ಗಾಯದ ದರವನ್ನೇ ಸ್ಥಾವರದ ಸುರಕ್ಷತೆಯ ಅಳತೆಗೋಲೆಂದು ಕಂಪನಿ ನಂಬಿದ್ದು ತಪ್ಪೆಂದು ಸ್ಫೋಟದ ನಂತರ ಕಂಪನಿಯ ಸುರಕ್ಷತೆಯನ್ನು ಪರಿಶೀಲಿಸಿದ ಬೇಕರ್ ಸಮಿತಿ 2007ರಲ್ಲಿ ವರದಿ ನೀಡಿತು. ತಪಾಸಣೆಯಾಗದೆ ಉಳಿದ ಉಪಕರಣಗಳೆಷ್ಟು, ದುರಸ್ತಿ ಎಷ್ಟು ದಿನದಿಂದ ಬಾಕಿ ಬಿದ್ದಿದೆ, ಸಣ್ಣ ಸೋರಿಕೆಗಳು ಎಷ್ಟಾದವು ಎಂಬ ಲೆಕ್ಕಗಳನ್ನು ಇಂಥ ಸ್ಥಾವರಗಳಲ್ಲಿ ಗಾಯಗಳ ಪಟ್ಟಿಯಿಂದ ಬೇರೆಯಾಗಿಯೇ ಇಡಬೇಕಾಗುತ್ತದೆ.