ಕಿತ್ತೂರು ಕೋಟೆಯೊಳಗಿನ ದೇಶ

ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಸಿನಿಮಾಗಳಲ್ಲಿ ದೇಶವೆಂದರೆ ಬಹುಮಟ್ಟಿಗೆ ಒಂದು ಹಡಗು, ಒಂದು ಕಾರ್ಖಾನೆ ಅಥವಾ ಒಂದು ಹಳ್ಳಿ. 1942ರ 'ಇನ್ ವಿಚ್ ವಿ ಸರ್ವ್'ನಲ್ಲಿ ಹಡಗು ಮುಳುಗಿದ ಮೇಲೆ ಕಪ್ತಾನನೂ ಸಾಮಾನ್ಯ ನಾವಿಕನೂ ಒಂದೇ ತೆಪ್ಪವನ್ನು ಹಿಡಿದು ತೇಲುತ್ತಾರೆ. ಅಂತಸ್ತು ಬೇರೆಯಾದರೂ ಇಬ್ಬರಿಗೂ ನೆನಪಾಗುವುದು ಮನೆ, ಹೆಂಡತಿ. 1943ರ 'ಮಿಲಿಯನ್ಸ್ ಲೈಕ್ ಅಸ್' ಇನ್ನೂ ಪ್ರಾಮಾಣಿಕ ಚಿತ್ರ. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯ ಮೇಲ್ವಿಚಾರಕ, ಶ್ರೀಮಂತರ ಮನೆಯ ಹುಡುಗಿಯನ್ನು ಮೆಚ್ಚಿಯೂ, ಯುದ್ಧ ಮುಗಿದ ಮೇಲೂ ಈ ಒಗ್ಗಟ್ಟು ಉಳಿಯುತ್ತದೆಯೋ ನೋಡೋಣ ಎಂದು ಮದುವೆಯ ಮಾತನ್ನು ಮುಂದೂಡುತ್ತಾನೆ.

'ವೆಂಟ್ ದ ಡೇ ವೆಲ್?' (1942) ತೋರಿಸುವುದು ಬ್ರಾಮ್ಲಿ ಎಂಡ್ ಎಂಬ ಕಲ್ಪಿತ ಹಳ್ಳಿಯನ್ನು. ಬ್ರಿಟಿಷ್ ಸೈನಿಕರ ವೇಷದಲ್ಲಿ ಜರ್ಮನರು ಊರೊಳಗೆ ಬರುತ್ತಾರೆ. ಅವರಿಗೆ ಒಳಗಿನಿಂದ ನೆರವಾಗುವವನು ಊರಿನ ದೊಡ್ಡಮನೆಯ ಯಜಮಾನ. ಅಂಚೆ ಕಚೇರಿ ನೋಡಿಕೊಳ್ಳುವ ಹೆಂಗಸು ಶತ್ರುವಿನ ಕಣ್ಣಿಗೆ ಕಾಳುಮೆಣಸಿನ ಪುಡಿ ಎರಚಿ ಕೊಡಲಿಯಿಂದ ಹೊಡೆಯುತ್ತಾಳೆ. ಒನಕೆ ಓಬವ್ವನ ನಾಡಿನವರಿಗೆ ಇದು ಪರಿಚಿತ ದೃಶ್ಯವೇ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಬಂದದ್ದೂ ಹೀಗೆಯೇ ಮನೆಗೆಲಸದ ಸಾಮಾನು ಹಿಡಿದು.

ಇದೇ ಕಥನವನ್ನು ಕನ್ನಡ ಸಿನಿಮಾ ತಿರುವುಮುರುವು ಮಾಡಿ ಹೇಳಿತು. ಇಲ್ಲಿ ಮುತ್ತಿಗೆ ಹಾಕುವವರೇ ಬ್ರಿಟಿಷರು. 1961ರಲ್ಲಿ ಬಿ.ಆರ್. ಪಂತುಲು ನಿರ್ದೇಶಿಸಿದ 'ಕಿತ್ತೂರು ಚೆನ್ನಮ್ಮ'ದಲ್ಲಿ ಬಿ. ಸರೋಜಾದೇವಿ ರಾಣಿ ಚೆನ್ನಮ್ಮನಾಗಿ, ರಾಜಕುಮಾರ್ ಅವಳ ಗಂಡ ಮಲ್ಲಸರ್ಜನಾಗಿ ನಟಿಸಿದರು. 1824ರಲ್ಲಿ ಕಿತ್ತೂರಿನ ಆಗಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಕಂಪನಿ ಸರ್ಕಾರ ದತ್ತು ಮಗನನ್ನು ಒಪ್ಪಲಿಲ್ಲ. ಆ ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ಸೆರೆಯಾದ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು.

ಪಂತುಲು ಎರಡು ವರ್ಷದ ಹಿಂದಷ್ಟೇ ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ಮಾಡಿದ್ದರು. ಕಪ್ಪ ಕೇಳುವ ಬಿಳಿಯನೆದುರು ಆಳುವವರು ಗುಡುಗುವ ಪ್ರಸಂಗ ಎರಡರಲ್ಲೂ ಇದೆ. ಕನ್ನಡದಲ್ಲಿ ಅದಕ್ಕೆ ಬೇರೊಂದು ತೂಕ ಬಂತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಐದು ವರ್ಷ. ಕಿತ್ತೂರು ಈಗ ಎಲ್ಲ ಕನ್ನಡಿಗರ ಕಥೆಯಾಗಬೇಕಿತ್ತು. ದ್ರೋಹಿಗಳು ಮಾತ್ರ ಇಲ್ಲೂ ಒಳಗಿನವರೇ: ಮಲ್ಲಪ್ಪಶೆಟ್ಟಿ, ವೆಂಕಟರಾವ್. ಸೋಲಿಗೆ ಕಾರಣವಾಗಿ ದ್ರೋಹ ಸಿಕ್ಕರೆ ಊರಿನ ಒಗ್ಗಟ್ಟಿನ ಮೇಲೆ ಅನುಮಾನ ಬರುವುದಿಲ್ಲ. ತೋಪು, ಮದ್ದು, ದಂಡಿನ ಲೆಕ್ಕವೂ ಹಿಂದೆ ಸರಿಯುತ್ತದೆ. ಬ್ರಾಮ್ಲಿ ಎಂಡ್‌ನಲ್ಲೂ ಇದೇ ಉಪಾಯ. ಆದರೆ ಅಲ್ಲಿ ದ್ರೋಹಿ ಊರಿನ ಯಜಮಾನನೇ ಆದ್ದರಿಂದ ಮೇಲಿನವರ ಮೇಲೂ ಶಂಕೆ ಹುಟ್ಟುತ್ತದೆ. ಕಿತ್ತೂರಿನ ಸಿಂಹಾಸನ ಶಂಕೆಗೆ ಹೊರತು.

ಮಾತಿನಲ್ಲೂ ಒಂದು ಎಡವಟ್ಟಿದೆ. ಪಂತುಲು ಅವರ ಕಿತ್ತೂರಿನ ಅರಮನೆಯ ಮಾತು ಗ್ರಾಂಥಿಕ ಕನ್ನಡ. ಎಲ್ಲರಿಗೂ ಸೇರಿದ ಕನ್ನಡ ಕಟ್ಟುವ ಹುಮ್ಮಸ್ಸಿನಲ್ಲಿ ಆ ಸೀಮೆಯ ಕನ್ನಡವೇ ಹಿಂದೆ ಬಿತ್ತು. ಹೂವಿನ ಹಿಪ್ಪರಗಿ, ಸಿಂದಗಿ, ಇಂಡಿ ಕಡೆಯ ಗೀಗೀ ಮೇಳಗಳಿಗೆ ಈ ತೊಡಕಿರಲಿಲ್ಲ. ವೀರರ ಕಥೆಯನ್ನು ಅವು ಕೇಳುಗರ ಆಡುಮಾತಿನಲ್ಲೇ ಹೇಳುತ್ತಿದ್ದವು. ಬೆಳಗಾವಿ, ವಿಜಾಪುರ ಸೀಮೆಯ ಇಂಥ ಲಾವಣಿಗಳನ್ನು 19ನೇ ಶತಮಾನದ ಕೊನೆಗೆ ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ದಂಗೆಯನ್ನು ಅಡಗಿಸಿದ ಸರ್ಕಾರದ ನೌಕರನೇ ದಂಗೆಯ ಹಾಡನ್ನು ಉಳಿಸಿದ.

ಆ ಲಾವಣಿಗಳಲ್ಲೊಂದರ ನಾಯಕ ಚೆನ್ನಮ್ಮನ ಸೇವಕ ಸಂಗೊಳ್ಳಿ ರಾಯಣ್ಣ. ಅವನು ಅರಸನಲ್ಲ, ಊರಿನ ಶೇತಸನದಿ; ಸೇವೆಗೆ ಪ್ರತಿಯಾಗಿ ಬಿಟ್ಟ ಹೊಲವನ್ನು ಉಳುಮೆ ಮಾಡುತ್ತಿದ್ದ ಕಾವಲಿನವನು. ಆ ಹೊಲಗಳ ಮೇಲೆ ಸರ್ಕಾರದ ಕಣ್ಣು ಬಿದ್ದದ್ದೂ ಅವನ ಬಂಡಾಯಕ್ಕೆ ಒಂದು ಕಾರಣ. ಅವನ ಪಡೆ ಕಚೇರಿಗಳನ್ನು ಸುಟ್ಟಿತು, ಖಜಾನೆ ಲೂಟಿ ಮಾಡಿತು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. 2012ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ನಾಗಣ್ಣ ನಿರ್ದೇಶನದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ತೆರೆಕಂಡಿತು. ದರ್ಶನ್ ರಾಯಣ್ಣ, ಜಯಪ್ರದಾ ಚೆನ್ನಮ್ಮ. ಐವತ್ತೊಂದು ವರ್ಷದ ಹಿಂದೆ ರಾಣಿಯ ಸುತ್ತ ನಿಂತಿದ್ದ ಕಥೆ ಈಗ ಅವಳ ಸೇವಕನ ಬೆನ್ನು ಹಿಡಿಯಿತು. ಕೋಟೆ ಬಿದ್ದ ಮೇಲೂ ಯುದ್ಧ ಮುಗಿಯಲಿಲ್ಲ. ಅದು ಹಳ್ಳಿಗೂ ಕಾಡಿಗೂ ಹಬ್ಬಿತು.