ಗುಂಡನಿಗೆ ವರ್ಷ ತುಂಬಲಿ

ನಮ್ಮ ಮನೆಯ ಗುಂಡ ಹೋದ ತಿಂಗಳು ಮೊದಲ ಸಲ ಕಾಲೆತ್ತಿದ. ಎತ್ತಿದ್ದು ಬೇರೆಲ್ಲೂ ಅಲ್ಲ, ತುಳಸಿಕಟ್ಟೆಗೆ. ನನ್ನ ಹೆಂಡತಿ ಪೊರಕೆ ಹಿಡಿದು ಬರುವಷ್ಟರಲ್ಲಿ ಅವನು ತೆಂಗಿನಮರದ ಹಿಂದೆ ಸೇರಿಕೊಂಡಿದ್ದ. ಅದುವರೆಗೂ ಹೆಣ್ಣುಮರಿಯ ಹಾಗೆ ಕುಕ್ಕರಿಸಿ ಮೂತ್ರ ಮಾಡುತ್ತಿದ್ದ ಮರಿ ಹೀಗೆ ಕಾಲೆತ್ತಿತು ಎಂದರೆ ಅದಕ್ಕೆ ಪ್ರಾಯ ಬರುತ್ತಿದೆ ಎಂದು ಅರ್ಥ. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಚರ್ಚೆ: ಗುಂಡನಿಗೆ ಆಪರೇಷನ್ ಮಾಡಿಸುವುದು ಯಾವಾಗ?

ಮಾಡಿಸಬೇಕೋ ಬೇಡವೋ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಇಪ್ಪತ್ತು ವರ್ಷದ ಹಿಂದೆಯೇ ತೀರ್ಮಾನವಾಗಿದೆ. ಆಗ ನಮ್ಮಲ್ಲಿ ರಾಜು ಎಂಬ ಕಂದು ನಾಯಿ ಇತ್ತು. ಮಳೆಗಾಲ ಮುಗಿಯುತ್ತಾ ಬಂದು ಬೀದಿಯ ಹೆಣ್ಣುನಾಯಿಗಳು ಬೆದೆಗೆ ಬಂದವೆಂದರೆ ಅವನು ಊಟ ಬಿಡುತ್ತಿದ್ದ, ರಾತ್ರಿಯಿಡೀ ಊಳಿಡುತ್ತಿದ್ದ, ಕಾಂಪೌಂಡ್ ಹಾರುತ್ತಿದ್ದ. ಒಂದು ವರ್ಷ ನಾಲ್ಕು ದಿನ ಬಿಟ್ಟು, ಹರಿದ ಕಿವಿ ಹೊತ್ತು ಕುಂಟುತ್ತಾ ಬಂದ. ‘ಗಂಡುನಾಯಿ ಅಂದಮೇಲೆ ಇದೆಲ್ಲಾ ಇದ್ದದ್ದೇ’ ಎಂದು ಅರಿಸಿನ ಹಚ್ಚಿ ಸುಮ್ಮನಾದೆ. ಮಾರನೇ ವರ್ಷ ಅದೇ ಹೊತ್ತಿಗೆ ಮತ್ತೆ ಹಾರಿದ. ಮೂರನೇ ದಿನ ಸಂಗಮದ ರಸ್ತೆಯ ಪಕ್ಕದಲ್ಲಿ ಸಿಕ್ಕಿದ. ಯಾವ ಗಾಡಿಯೋ ಗೊತ್ತಿಲ್ಲ. ಗಾಡಿಯವನನ್ನು ಬೈದು ಏನು ಪ್ರಯೋಜನ? ತಪ್ಪು ನನ್ನದು.

ಹಾಗಾಗಿ ಗುಂಡ ಬಂದ ದಿನವೇ ‘ಇವನಿಗೆ ಮಾಡಿಸಿಬಿಡೋಣ’ ಎಂದೆ. ಆದರೆ ‘ಯಾವಾಗ’ ಎಂಬುದು ಇಷ್ಟು ತಲೆ ತಿನ್ನುತ್ತದೆಂದು ಗೊತ್ತಿರಲಿಲ್ಲ.

ಗುಂಡನ ತಾಯಿ ಪಕ್ಕದ ಬೀದಿಯ ಲ್ಯಾಬ್ರಡಾರ್. ತಂದೆ ಯಾರೋ ಬೀದಿಯವನು. ಹುಟ್ಟಿದ್ದು ಹೋದ ದೀಪಾವಳಿಯ ಆಸುಪಾಸು, ಈಗ 7 ತಿಂಗಳು. ಇವನನ್ನು ತೂಗುವುದೇ ನಮ್ಮ ಮನೆಯಲ್ಲಿ ಒಂದು ಲೆಕ್ಕದ ಪಾಠ. ಮಗ ಅವನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತರೆ 87, ಮಗನೊಬ್ಬನೇ ನಿಂತರೆ 68. ಗುಂಡನ ತೂಕ ಎಷ್ಟು, ಮಕ್ಕಳೇ ಹೇಳಿ. ಈ ತೂಕವೇ ಮುಂದೆ ನಮ್ಮ ತೀರ್ಮಾನಕ್ಕೆ ಮುಖ್ಯವಾಯಿತು.

ನಮ್ಮೂರಿನ ಪಶುವೈದ್ಯರು, ‘ಆರು ತಿಂಗಳಾಯ್ತಲ್ಲ, ಕರೆದುಕೊಂಡು ಬನ್ನಿ, ಮಾಡಿಬಿಡೋಣ’ ಎಂದರು. ಮಗ ಬೆಂಗಳೂರಿನಲ್ಲಿ ಇನ್ನೊಬ್ಬ ವೈದ್ಯರನ್ನು ಕೇಳಿದರೆ, ‘ದೊಡ್ಡ ಜಾತಿಯ ಮರಿ, ವರ್ಷ ತುಂಬಲಿ’ ಎಂದರು. ಇಬ್ಬರೂ ಓದಿದವರು, ಯಾರ ಮಾತು ಕೇಳುವುದು? ನಾನು ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದವನು. ಹಳೆಯ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎರಡೂ ಕಡೆ ಬರೆಯತೊಡಗಿದೆ.

ಬೇಗ ಮಾಡಿಸುವವರ ಮಾತಿನಲ್ಲಿ ನ್ಯಾಯವಿದೆ. ವೃಷಣಗಳನ್ನು, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಬೀಜಗಳನ್ನು ತೆಗೆದರೆ ಅಲ್ಲಿ ಕ್ಯಾನ್ಸರ್ ಬರುವ ಮಾತೇ ಇಲ್ಲ. ವಯಸ್ಸಾದ ಗಂಡುನಾಯಿಗಳನ್ನು ಕಾಡುವ ಪ್ರಾಸ್ಟೇಟ್ ಗ್ರಂಥಿಯ ಊತವೂ ತಪ್ಪುತ್ತದೆ. ನಮ್ಮ ದೇಶದ ಬೀದಿನಾಯಿಗಳಲ್ಲಿ ಕೂಡುವಿಕೆಯಿಂದ ಒಂದರಿಂದ ಇನ್ನೊಂದಕ್ಕೆ ಹರಡುವ ಒಂದು ಬಗೆಯ ಗಡ್ಡೆ ಇದೆ, ಅದರ ಭಯವೂ ಬಹಳ ಕಡಿಮೆಯಾಗುತ್ತದೆ. ಅಲೆಯುವುದು, ಕಂಡಕಂಡಲ್ಲಿ ಕಾಲೆತ್ತುವುದು ಎಷ್ಟೋ ನಾಯಿಗಳಲ್ಲಿ ಇಳಿಯುತ್ತದೆ. ಮನೆ ಕಾಯುವ ಗುಣ ಹೋಗಿಬಿಡುತ್ತದೆ ಎಂದು ನಮ್ಮ ಹಳಬರು ಹೇಳುವುದುಂಟು, ಅದು ನಿಜವಲ್ಲ. ಹಾಗೆಯೇ, ಆಪರೇಷನ್ ಆದರೆ ಅಂಜುಬುರುಕ ನಾಯಿ ಧೈರ್ಯಶಾಲಿ ಆಗುತ್ತದೆ ಎಂಬುದೂ ಸುಳ್ಳು. ಕೆಲವು ಸಲ ಅಂಜಿಕೆ ಹೆಚ್ಚಾಗುವುದೂ ಇದೆ.

ಹಾಗಾದರೆ ಕಾಯಬೇಕು ಎನ್ನುವವರ ಕಾರಣ ಏನು? ಇದನ್ನು ನನಗೆ ಬಿಡಿಸಿ ಹೇಳಿದ್ದು ಬೆಂಗಳೂರಿನ ಆ ವೈದ್ಯರು. ಬೆಳೆಯುವ ಮರಿಯ ಉದ್ದನೆಯ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ಪದರ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲೇ. ಬೆಳೆದದ್ದು ಸಾಕು ಎಂದು ಆ ಪದರಕ್ಕೆ ಬಾಗಿಲು ಹಾಕುವ ಕೆಲಸದಲ್ಲಿ ಬೀಜದಿಂದ ಬರುವ ಹಾರ್ಮೋನಿನ ಪಾಲು ದೊಡ್ಡದು. ಅದನ್ನು ಮೊದಲೇ ತೆಗೆದರೆ ಬಾಗಿಲು ತಡವಾಗಿ ಮುಚ್ಚುತ್ತದೆ, ಕಾಲು ಇರಬೇಕಾದ್ದಕ್ಕಿಂತ ಕೊಂಚ ಉದ್ದವಾಗುತ್ತದೆ, ಕೀಲುಗಳ ಜೋಡಣೆ ಹದ ತಪ್ಪಬಹುದು. ಸಣ್ಣ ನಾಯಿಗಳಿಗೆ ಇದರಿಂದ ಅಷ್ಟು ತೊಂದರೆಯಿಲ್ಲ, ಭಾರದ ನಾಯಿಗಳಿಗೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ 35 ತಳಿಗಳ ನಾಯಿಗಳ ಆಸ್ಪತ್ರೆ ದಾಖಲೆಗಳನ್ನು ಜಾಲಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಎಲ್ಲ ತಳಿಗೂ ಒಂದೇ ವಯಸ್ಸು ಹೊಂದುವುದಿಲ್ಲ. ಬೆಳೆದ ಮೇಲೆ 20 ಕೆ.ಜಿ. ದಾಟುವ ಬೆರಕೆ ನಾಯಿಗಳಿಗೆ ವರ್ಷ ತುಂಬುವವರೆಗೆ ಕಾಯುವುದು ಒಳ್ಳೆಯದು ಎಂದು ಅವರ ಸಲಹೆ. ನಮ್ಮ ಗುಂಡ ಈಗಲೇ 19.

ಈ ಮಾತನ್ನು ಟೀ ಅಂಗಡಿಯಲ್ಲಿ ಹೇಳಿದೆ. ಅಲ್ಲಿಗೆ ಬರುವ ರೈತರೊಬ್ಬರು ಹಳ್ಳಿಕಾರ್ ಎತ್ತು ಕಟ್ಟುವವರು, ಕೆಂಗಲ್ ದನಗಳ ಜಾತ್ರೆಗೆ ಹೋಗಿಬರುವವರು. ನಕ್ಕುಬಿಟ್ಟರು. ‘ಇದನ್ನ ಹೇಳಕ್ಕೆ ಅಮೆರಿಕ ಬೇಕಾ ಸಾಮಿ? ಹೋರಿ ಹಲ್ಲು ಹಾಕೋಗಂಟ ನಾವು ಬೀಜ ಒಡೆಸಾಕಿಲ್ಲ. ಬೇಗ ಒಡೆಸಿದ್ರೆ ಕತ್ತು ಕಟ್ಟಾಕಿಲ್ಲ, ಇಣಿಲು ಬರಾಕಿಲ್ಲ, ಬರೀ ಕಾಲುದ್ದ ಆಯ್ತದೆ. ತೀರಾ ತಡ ಮಾಡಿದ್ರೆ ಗೂಳಿ ಬುದ್ಧಿ ಬಂದು ನೇಗಿಲಿಗೆ ಬಗ್ಗಾಕಿಲ್ಲ’ ಎಂದರು. ನಾನು ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದದ್ದನ್ನು ಅವರು ಅರ್ಧ ಲೋಟ ಟೀಯಲ್ಲಿ ಮುಗಿಸಿದರು.

ಆದರೆ ಒಂದು ಮಾತು. ಈ ಕಾಯುವ ಲೆಕ್ಕ ಗೇಟು, ಸರಪಳಿ ಇರುವ ಮನೆಯ ನಾಯಿಗೆ ಮಾತ್ರ. ಬೀದಿನಾಯಿಗೆ ‘ವರ್ಷ ತುಂಬಲಿ’ ಎಂದು ಕೂತರೆ ಆಗುವುದಿಲ್ಲ. ಹೆಣ್ಣುನಾಯಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ, ಹಾಕಿದರೆ ಐದಾರು. 2001ರಲ್ಲಿ ಬಂದು 2023ರಲ್ಲಿ ಹೊಸದಾಗಿ ಬರೆಯಲಾದ ಕೇಂದ್ರದ ನಿಯಮಗಳ ಪ್ರಕಾರ ಬೀದಿನಾಯಿಗಳ ಸಂತಾನಹರಣ ಮತ್ತು ರೇಬಿಸ್ ಲಸಿಕೆ ಸ್ಥಳೀಯ ಸಂಸ್ಥೆಯ ಜವಾಬ್ದಾರಿ, ಸಾಕಿದ ನಾಯಿಯದು ಸಾಕಿದವರದು. ನಿಮ್ಮ ಬೀದಿಯ ನಾಯಿಯ ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇದ್ದರೆ ಅದಕ್ಕೆ ಆಪರೇಷನ್ ಆಗಿದೆ ಎಂದು ತಿಳಿಯಿರಿ. ದೂರದಿಂದಲೇ ನೋಡಿ, ಕಿವಿ ಹಿಡಿಯಲು ಹೋಗಬೇಡಿ!

ಏಳನೇ ತರಗತಿಯ ಮೊಮ್ಮಗಳು ಇದನ್ನೆಲ್ಲಾ ಕೇಳಿಸಿಕೊಂಡು ಒಂದು ರಾತ್ರಿ ನನ್ನ ಪಕ್ಕ ಬಂದು ಕೂತಳು. ‘ತಾತ, ಗುಂಡಂಗೆ ನೋವಾಗಲ್ವಾ? ಅವನನ್ನ ಯಾರೂ ಕೇಳಲೇ ಇಲ್ವಲ್ಲ?’

ಮೊದಲನೆಯದಕ್ಕೆ ಉತ್ತರ ಇತ್ತು. ಪೂರ್ತಿ ಅರಿವಳಿಕೆ ಕೊಟ್ಟು ಮಾಡುತ್ತಾರೆ, ಹಿಂದಿನ ರಾತ್ರಿಯಿಂದ ಊಟ ಕೊಡಬಾರದು. ಸಣ್ಣ ಸೀಳು, ಕೆಲವು ಹೊಲಿಗೆ, ಸಾಮಾನ್ಯವಾಗಿ ಸಂಜೆಗೆ ಮನೆಗೆ ಬರಬಹುದು. ಹೆಣ್ಣುನಾಯಿಯ ಹಾಗೆ ಹೊಟ್ಟೆ ತೆರೆಯಬೇಕಾಗಿಲ್ಲ. ನೋವಿಗೆ ಔಷಧ ಕೊಡುತ್ತಾರೆ. ಹತ್ತು-ಹದಿನಾಲ್ಕು ದಿನ ಗಾಯ ನೆಕ್ಕದಂತೆ ಕತ್ತಿಗೆ ಆಲಿಕೆಯಂಥ ಕಾಲರ್ ಹಾಕಬೇಕು, ಓಡಿಸಬಾರದು, ಸ್ನಾನ ಮಾಡಿಸಬಾರದು. ಆಮೇಲೆ ಮುದ್ದೆ-ಮೊಟ್ಟೆಯ ಅಳತೆ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಗುಂಡ ನಿಜವಾಗಿಯೂ ಗುಂಡಗೆ ಆಗುತ್ತಾನೆ. ಇನ್ನೊಂದು ವಿಷಯ ದೊಡ್ಡವರಿಗೆ: ಆಪರೇಷನ್ ಆದ ಮಾರನೇ ದಿನವೇ ನಿಶ್ಚಿಂತೆಯಲ್ಲ, ಕೆಲವು ವಾರ ಹೆಣ್ಣುನಾಯಿಗಳಿಂದ ದೂರ ಇಡಬೇಕು.

ಎರಡನೆಯದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ರಾಜುವಿನ ಕಥೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಆವತ್ತು ನಾನೂ ಬರ್ತೀನಿ’ ಎಂದಳು.

ಈಗ ನಮ್ಮ ತೀರ್ಮಾನ ಹೀಗಿದೆ. ಈ ವಾರ ನಮ್ಮೂರಿನ ವೈದ್ಯರಿಗೆ ತೋರಿಸಿ ಎರಡೂ ಬೀಜ ಸರಿಯಾಗಿ ಕೆಳಗೆ ಇಳಿದಿವೆಯೇ ಎಂದು ನೋಡಿಸಿದೆವು. ಒಂದು ಹೊಟ್ಟೆಯೊಳಗೇ ಉಳಿದಿದ್ದರೆ ಮುಂದೆ ಅದು ಕ್ಯಾನ್ಸರಿಗೆ ತಿರುಗುವ ಅಪಾಯ ಹೆಚ್ಚು, ಆಗ ತೆಗೆಸದೆ ಬಿಡುವಂತೆಯೇ ಇಲ್ಲ. ಇಳಿದಿವೆ. ರೇಬಿಸ್ ಲಸಿಕೆ ಮೂರು ತಿಂಗಳಿಗೇ ಆಗಿದೆ. ಆಪರೇಷನ್ ದೀಪಾವಳಿ ಕಳೆದು, ಪಟಾಕಿ ಸದ್ದು ಅಡಗಿದ ಮೇಲೆ, ಒಂದು ಶನಿವಾರ. ವೈದ್ಯರೂ ಒಪ್ಪಿದ್ದಾರೆ. ಅವರದು ಒಂದೇ ಷರತ್ತು: ಗುಂಡ ಒಂದು ಸಲ ಕಾಂಪೌಂಡ್ ಹಾರಿದರೂ ಮಾರನೇ ದಿನವೇ ಕರೆತರಬೇಕು, ಮೂಳೆಯ ಲೆಕ್ಕ ಆಮೇಲೆ.

ಕಷ್ಟ ಇರುವುದು ನಡುವಿನ ತಿಂಗಳುಗಳಲ್ಲಿ. ಮಳೆಗಾಲ ಮುಗಿಯುವ ಆ ಹಾಳು ಹೊತ್ತು ಅವನಿಗೆ ವರ್ಷ ತುಂಬುವ ಮೊದಲೇ ಬರುತ್ತದೆ. ಮೊಮ್ಮಗಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಎರಡು ತಿಂಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ‘ಗೇಟು!’ ಎಂದು ಬರೆದಿದ್ದಾಳೆ. ಬೆಸುಗೆಯವರನ್ನು ಕರೆಸಿ ಗೇಟಿನ ಮೇಲೆ ಒಂದೂವರೆ ಅಡಿ ಜಾಲರಿ ಏರಿಸಿದ್ದೇವೆ. ನಿನ್ನೆ ಸಂಜೆ ನೋಡಿದರೆ ಗುಂಡ ಹಿಂಗಾಲ ಮೇಲೆ ನಿಂತು, ಮುಂಗಾಲನ್ನು ಜಾಲರಿಗೆ ಆನಿಸಿ, ಮೂಗೆತ್ತಿ ಅಳತೆ ನೋಡುತ್ತಿದ್ದ.